ರಾಜಾಪುರದ ಎರಡು ಒಪ್ಪಂದಗಳು: ವಿದೇಶಕ್ಕೆ ಮಾತು ಕೊಟ್ಟ ಮೇಲೆ ಊರನ್ನು ಕೇಳಿದರೆ ಹೇಗೆ?

ಮುಂಬೈಯಿಂದ ಉಡುಪಿ, ಮಂಗಳೂರಿಗೆ ಕೊಂಕಣ ರೈಲಿನಲ್ಲಿ ಓಡಾಡುವ ಕನ್ನಡಿಗರಿಗೆ ರಾಜಾಪುರ ರೋಡ್ ಎಂಬ ಸಣ್ಣ ಸ್ಟೇಷನ್ ಅಪರಿಚಿತವೇನಲ್ಲ. ರತ್ನಾಗಿರಿ ದಾಟಿದ ಮೇಲೆ ಬರುತ್ತದೆ. ಆದರೆ ಕಳೆದ ಒಂದೂವರೆ ದಶಕದಲ್ಲಿ ಭಾರತ ಮಾಡಿಕೊಂಡ ಎರಡು ಅತಿ ದೊಡ್ಡ ಇಂಧನ ಒಪ್ಪಂದಗಳು ಬಂದು ಸಿಕ್ಕಿಹಾಕಿಕೊಂಡಿದ್ದು ಇದೇ ರಾಜಾಪುರ ತಾಲೂಕಿನಲ್ಲಿ. ಒಂದು, ಫ್ರಾನ್ಸ್ ನೆರವಿನ ಜೈತಾಪುರ ಅಣು ವಿದ್ಯುತ್ ಸ್ಥಾವರ. ಇನ್ನೊಂದು, ಸೌದಿ ಅರೇಬಿಯಾ ಮತ್ತು ಯುಎಇ ಪಾಲುದಾರಿಕೆಯ ತೈಲ ಸಂಸ್ಕರಣಾಗಾರ. ಇಷ್ಟು ವರ್ಷಗಳಲ್ಲಿ ಅಲ್ಲಿಂದ ಒಂದು ಯೂನಿಟ್ ವಿದ್ಯುತ್ತೂ ಬಂದಿಲ್ಲ, ಒಂದು ಲೀಟರ್ ಪೆಟ್ರೋಲೂ ಬಂದಿಲ್ಲ.

ಈಗ ಎರಡೂ ಮತ್ತೆ ಚರ್ಚೆಗೆ ಬರುವ ಲಕ್ಷಣಗಳಿವೆ. 2025ರ ಏಪ್ರಿಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಜೆಡ್ಡಾಕ್ಕೆ ಹೋದಾಗ, ಭಾರತದಲ್ಲಿ ಎರಡು ರಿಫೈನರಿ ಸ್ಥಾಪಿಸಲು ಸಹಕರಿಸುವುದಾಗಿ ಎರಡೂ ದೇಶಗಳು ಹೇಳಿಕೊಂಡವು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಸತ್ತು ಅಣುಶಕ್ತಿ ಕ್ಷೇತ್ರದ 'ಶಾಂತಿ' ಮಸೂದೆಗೆ ಒಪ್ಪಿಗೆ ನೀಡಿ, ವಿದೇಶಿ ರಿಯಾಕ್ಟರ್ ಕಂಪನಿಗಳು ಬಹುಕಾಲದಿಂದ ಆಕ್ಷೇಪಿಸುತ್ತಿದ್ದ ಹೊಣೆಗಾರಿಕೆ ನಿಯಮವನ್ನು ಸಡಿಲಿಸಿತು. ಹಾಗಾಗಿ ರಾಜಾಪುರದಲ್ಲಿ ಆಗಿದ್ದೇನು ಎಂದು ಒಮ್ಮೆ ಹಿಂತಿರುಗಿ ನೋಡುವುದು ಅಗತ್ಯ.

ಒಂದು ವಾರದ ಅಂತರ

2010ರ ಡಿಸೆಂಬರ್ 4ರಂದು ಆಗಿನ ಫ್ರೆಂಚ್ ಅಧ್ಯಕ್ಷ ನಿಕೊಲಾ ಸರ್ಕೋಜಿ ಬೆಂಗಳೂರಿಗೆ ಬಂದಿಳಿದರು. ಎರಡು ದಿನಗಳ ಬಳಿಕ ದೆಹಲಿಯಲ್ಲಿ ಜೈತಾಪುರದ ಮೂಲ ಒಪ್ಪಂದಕ್ಕೆ ಸಹಿ ಬಿತ್ತು. ತಲಾ 1,650 ಮೆಗಾವ್ಯಾಟ್‌ನ ಆರು ರಿಯಾಕ್ಟರ್‌ಗಳು, ಒಟ್ಟು 9,900 ಮೆಗಾವ್ಯಾಟ್. ಕಾಗದದ ಮೇಲೆ ಅದು ಜಗತ್ತಿನಲ್ಲೇ ಅತಿ ದೊಡ್ಡ ಅಣು ಸ್ಥಾವರಗಳ ಸಾಲಿಗೆ ಸೇರುವ ಯೋಜನೆ. ಪರಿಸರ ಅನುಮತಿ ಸಿಕ್ಕಿದ್ದು ಯಾವಾಗ? ನವೆಂಬರ್ 28ರಂದು. ಅಂದರೆ ಅತಿಥಿ ಬರುವುದಕ್ಕೆ ಒಂದು ವಾರವೂ ಉಳಿದಿರಲಿಲ್ಲ.

ಅನುಮತಿ ಕೊಟ್ಟ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ 35 ಷರತ್ತುಗಳನ್ನು ಹಾಕಿದ್ದರು. ಆರ್ಥಿಕ ಬೆಳವಣಿಗೆ, ಇಂಧನ ಮೂಲಗಳ ವೈವಿಧ್ಯ, ರಾಜತಾಂತ್ರಿಕತೆ, ಪರಿಸರ ರಕ್ಷಣೆ ಎಲ್ಲವನ್ನೂ ತೂಗಿಸಬೇಕಾಯಿತು ಎಂಬ ಅರ್ಥದ ಮಾತನ್ನೂ ಅವರು ಆಡಿದ್ದರು. ಅಷ್ಟು ಪ್ರಾಮಾಣಿಕತೆ ಅಪರೂಪವೇ. ಆದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ವಿದೇಶಿ ಅಧ್ಯಕ್ಷರ ವಿಮಾನದ ಟೈಮ್‌ಟೇಬಲ್ ಕೂತಿರುವಾಗ ಇನ್ನೊಂದು ತಟ್ಟೆ ಏಳದೇ ಇರಲು ಸಾಧ್ಯವೇ?

ಮೂರೇ ತಿಂಗಳಲ್ಲಿ ಜಪಾನಿನ ಫುಕುಶಿಮಾ ದುರಂತ ಸಂಭವಿಸಿತು. ಸ್ಥಾವರದ ಬಿಸಿನೀರು ಸಮುದ್ರಕ್ಕೆ ಸೇರಿದರೆ ಮೀನು ಉಳಿದೀತೇ ಎಂದು ಮೊದಲೇ ಆತಂಕದಲ್ಲಿದ್ದ ಸಾಖರಿ ನಾಟೆಯ ಮೀನುಗಾರರು ಬೀದಿಗಿಳಿದರು. 2011ರ ಏಪ್ರಿಲ್‌ನಲ್ಲಿ ಪೊಲೀಸ್ ಗುಂಡಿಗೆ ಒಬ್ಬರು ಬಲಿಯಾದರು. ಯೋಜನೆ ನಿಂತಿದ್ದಕ್ಕೆ ಪ್ರತಿಭಟನೆಯೊಂದೇ ಕಾರಣವಲ್ಲ ಎನ್ನುವುದನ್ನೂ ಹೇಳಬೇಕು. ವಿದ್ಯುತ್ ದರ, ಅಪಘಾತವಾದರೆ ಹೊಣೆ ಯಾರದು ಎಂಬ ತಕರಾರು, ಫ್ರೆಂಚ್ ಕಂಪನಿ ಅರೇವಾದ ಆರ್ಥಿಕ ಕುಸಿತ ಎಲ್ಲವೂ ಸೇರಿಕೊಂಡವು. ಅರೇವಾದ ಜಾಗಕ್ಕೆ ಬಂದ ಇಡಿಎಫ್ 2021ರಲ್ಲಿ ತನ್ನ ಪ್ರಸ್ತಾವ ಸಲ್ಲಿಸಿತು. ಸಹಿ ಬಿದ್ದು ಹದಿನೈದು ವರ್ಷ ಕಳೆದರೂ ಮಾತುಕತೆ ಮುಗಿದಿಲ್ಲ.

ಫೆಬ್ರವರಿ 18, ಫೆಬ್ರವರಿ 19

ರಿಫೈನರಿಯ ಕಥೆ ಇನ್ನೂ ವಿಚಿತ್ರ. 2018ರ ಏಪ್ರಿಲ್‌ನಲ್ಲಿ ಸೌದಿ ಅರಾಮ್ಕೊ, ಜೂನ್‌ನಲ್ಲಿ ಅಬುಧಾಬಿಯ ಅಡ್ನಾಕ್ ಕಂಪನಿ ಈ ಯೋಜನೆಗೆ ಕೈಜೋಡಿಸಿದವು. ಅರ್ಧ ಪಾಲು ಈ ಎರಡು ಕಂಪನಿಗಳದ್ದು, ಇನ್ನರ್ಧ ಭಾರತದ ಮೂರು ಸರ್ಕಾರಿ ತೈಲ ಕಂಪನಿಗಳದ್ದು. ಅಂದಾಜು ವೆಚ್ಚ ₹3 ಲಕ್ಷ ಕೋಟಿ, ಸಾಮರ್ಥ್ಯ ವರ್ಷಕ್ಕೆ 6 ಕೋಟಿ ಟನ್. ಮಂಗಳೂರಿನ ಎಂಆರ್‌ಪಿಎಲ್ ಸಾಮರ್ಥ್ಯ 1.5 ಕೋಟಿ ಟನ್. ಅಂಥ ನಾಲ್ಕನ್ನು ಒಂದೇ ಕಡೆ ಕಟ್ಟಿದಂತೆ!

ಜಾಗ ಎಂದು ಗುರುತಿಸಿದ್ದು ರಾಜಾಪುರದ ನಾಣಾರ್. ಆಪೂಸ್ ಮಾವು, ಗೇರು ಮತ್ತು ಮೀನುಗಾರಿಕೆಯೇ ಜೀವನಾಧಾರವಾಗಿರುವ ಆ ಭಾಗದ ಹಳ್ಳಿಗಳಲ್ಲಿ ವಿರೋಧ ಭುಗಿಲೆದ್ದಿತು. 2019ರ ಫೆಬ್ರವರಿ 18ರಂದು ಮುಂಬೈಯಲ್ಲಿ ಬಿಜೆಪಿ-ಶಿವಸೇನೆ ಲೋಕಸಭಾ ಚುನಾವಣೆ ಮೈತ್ರಿ ಘೋಷಿಸುವಾಗಲೇ, ರಿಫೈನರಿಯನ್ನು ನಾಣಾರ್‌ನಿಂದ ಬೇರೆಡೆಗೆ ಒಯ್ಯುವ ಮಾತನ್ನೂ ಕೊಡಲಾಯಿತು. ಮರುದಿನ ಸಂಜೆ ದೆಹಲಿಯಲ್ಲಿ ಬಂದಿಳಿದವರು ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಭಾರತದಲ್ಲಿ 10,000 ಕೋಟಿ ಡಾಲರ್ ಹೂಡಿಕೆಯ ಅವಕಾಶವಿದೆ ಎಂದು ಅವರು ಹೇಳುತ್ತಿರುವಾಗ, ಅದರ ಅತಿ ದೊಡ್ಡ ಯೋಜನೆಗೆ ನಿಲ್ಲಲು ನೆಲವೇ ಇರಲಿಲ್ಲ.

2022ರ ಜನವರಿಯಲ್ಲಿ ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಪ್ರಧಾನಿಗೆ ಪತ್ರ ಬರೆದು ಅದೇ ತಾಲೂಕಿನ ಬಾರ್ಸುವನ್ನು ಸೂಚಿಸಿದರು. ಅಧಿಕಾರ ಹೋದ ಮೇಲೆ ಅವರ ಪಕ್ಷವೇ ಬಾರ್ಸು ಜನರ ಜತೆ ನಿಂತಿತು. ಈ ವಿಷಯದಲ್ಲಿ ಯಾವ ಪಕ್ಷವೂ ಇನ್ನೊಂದಕ್ಕೆ ಪಾಠ ಹೇಳುವ ಸ್ಥಿತಿಯಲ್ಲಿಲ್ಲ. 2023ರ ಏಪ್ರಿಲ್‌ನಲ್ಲಿ ಮಣ್ಣು ಪರೀಕ್ಷೆಗೆ ಬಂದ ವಾಹನಗಳ ಮುಂದೆ ಮಹಿಳೆಯರು ಸುಡುಬಿಸಿಲಲ್ಲೇ ಮಲಗಿದರು. ಬಂಧನಗಳಾದವು, ಅಶ್ರುವಾಯು ಪ್ರಯೋಗವೂ ನಡೆಯಿತು.

ಬಾರ್ಸು ಬರಡು ಭೂಮಿ ಎನ್ನುವ ವಾದವಿತ್ತು. ಬೇಸಿಗೆಯಲ್ಲಿ ನೋಡಿದವರಿಗೆ ಹಾಗೆ ಕಂಡರೆ ಆಶ್ಚರ್ಯವಿಲ್ಲ. ಮುರಕಲ್ಲಿನ ಈ ಬಯಲನ್ನು ಅಲ್ಲಿನವರು 'ಸಡಾ' ಎನ್ನುತ್ತಾರೆ. ಮಳೆಗಾಲದಲ್ಲಿ ಇದರ ಮೇಲೆ ಹೂವು ಹಾಸುತ್ತದೆ, ಇಲ್ಲಿ ಇಂಗಿದ ನೀರೇ ಕೆಳಗಿನ ಹಳ್ಳಿಗಳ ಬಾವಿ, ಒರತೆಗಳಿಗೆ ಆಸರೆ. ಸಾಲದ್ದಕ್ಕೆ ಬಾರ್ಸುವಿನ ಕಲ್ಲುಹಾಸಿನ ಮೇಲೆ ಪ್ರಾಚೀನ ಮಾನವರು ಕೊರೆದ ಬೃಹತ್ ಚಿತ್ರಗಳಿವೆ. ಕೊಂಕಣದ ಇಂಥ ತಾಣಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ 2022ರಲ್ಲಿ ಸೇರಿಸಿದ್ದು ಭಾರತ ಸರ್ಕಾರವೇ. ಒಂದು ಕೈ ಸಂರಕ್ಷಣೆಗೆ ಅರ್ಜಿ ಹಾಕಿದ ಅದೇ ವರ್ಷ, ಇನ್ನೊಂದು ಕೈ ಆ ಜಾಗವನ್ನೇ ರಿಫೈನರಿಗೆ ನೋಡುತ್ತಿತ್ತು.

ತಪ್ಪಿದ್ದೆಲ್ಲಿ?

ಭಾರತ ಶೇ. 85ಕ್ಕೂ ಹೆಚ್ಚು ಕಚ್ಚಾ ತೈಲವನ್ನು ಆಮದು ಮಾಡಿಕೊಳ್ಳುತ್ತದೆ. ಕೊಲ್ಲಿ ದೇಶಗಳ ಸ್ನೇಹ ಬೇಕೇ ಬೇಕು. ಕಲ್ಲಿದ್ದಲು ಬಿಡಬೇಕೆಂದರೆ ಅಣು ವಿದ್ಯುತ್ತನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ಕಷ್ಟ. ಹಾಗಾಗಿ ಒಪ್ಪಂದಗಳೇ ತಪ್ಪು ಎನ್ನಲಾಗದು. ತಪ್ಪಿರುವುದು ಅನುಕ್ರಮದಲ್ಲಿ.

2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆ ಅನ್ವಯವಾಗುವುದು ಯೋಜನೆಗೆ, ವಿದೇಶದೊಂದಿಗಿನ ಒಪ್ಪಂದಕ್ಕಲ್ಲ. ಸಾಮರ್ಥ್ಯ, ಪಾಲು, ವೆಚ್ಚ ಎಲ್ಲ ಮೊದಲೇ ನಿಗದಿಯಾಗಿ, ಕೈಕುಲುಕಿ ಫೋಟೊ ತೆಗೆಸಿಕೊಂಡ ಮೇಲೆ ಸಾರ್ವಜನಿಕ ಅಹವಾಲು ಸಭೆ ನಡೆದರೆ, ಅಲ್ಲಿ 'ಬೇಡ' ಎನ್ನುವ ಆಯ್ಕೆಯೇ ಉಳಿದಿರುವುದಿಲ್ಲ. ಆಗ ಜನ 'ಬೇಡ' ಎನ್ನುವುದು ರಸ್ತೆಯಲ್ಲಿ.

ಕರ್ನಾಟಕ ಕರಾವಳಿಯ ಅನುಭವ ತುಸು ಭಿನ್ನ. 2018ರಲ್ಲಿ ಇದೇ ಅಡ್ನಾಕ್ ತನ್ನ ಕಚ್ಚಾ ತೈಲವನ್ನು ಮಂಗಳೂರಿನ ಭೂಗತ ಸಂಗ್ರಹಾಗಾರಕ್ಕೆ ತಂದು ತುಂಬಿಸಿತು. ಅಲ್ಲಿ ಬಂಡೆ ಕೊರೆದು 15 ಲಕ್ಷ ಟನ್ ಜಾಗವನ್ನು ಮೊದಲೇ ಸಿದ್ಧಪಡಿಸಲಾಗಿತ್ತು. ಇದೂ ಜಮೀನಿನ ನೋವಿಲ್ಲದೆ ಆಗಿದ್ದಲ್ಲ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ ಸಾಮರ್ಥ್ಯದ ಎರಡನೇ ಹಂತಕ್ಕೆ 2021ರಲ್ಲೇ ಒಪ್ಪಿಗೆ ಸಿಕ್ಕಿದೆ, ಅಲ್ಲೂ ಊರಿನವರನ್ನು ಕೇಳುವ ಸರದಿ ಬರುತ್ತದೆ. ಆದರೂ ಮಂಗಳೂರಿನಲ್ಲಿ ಭಾರತ ಅಡ್ನಾಕ್‌ಗೆ ಕೊಟ್ಟಿದ್ದು ತನ್ನ ಕೈಯಲ್ಲಿದ್ದ ವಸ್ತುವನ್ನು, ನಾಣಾರ್‌ನಲ್ಲಿ ಕೊಟ್ಟಿದ್ದು ಕೈಯಲ್ಲಿಲ್ಲದ್ದನ್ನು.

2023ರ ಸೆಪ್ಟೆಂಬರ್‌ನಲ್ಲಿ ಜಿ20 ಮುಗಿಸಿ ದೆಹಲಿಯಲ್ಲೇ ಉಳಿದ ಸೌದಿ ಯುವರಾಜರ ಜತೆ ಮಾತುಕತೆಯಾದಾಗ ಪಶ್ಚಿಮ ಕರಾವಳಿ ರಿಫೈನರಿಯ ಪ್ರಸ್ತಾಪ ಮತ್ತೆ ಬಂದಿತ್ತು. 2025ರ ಜೆಡ್ಡಾ ಹೇಳಿಕೆಯಲ್ಲಿ ರಿಫೈನರಿಗಳು ಎರಡಾಗಿವೆ. ಯಾವ ಕರಾವಳಿ, ಯಾವ ಊರು ಎಂಬುದನ್ನು ಅದರಲ್ಲಿ ಬರೆದಿಲ್ಲ. ಅಧ್ಯಯನ ಮೊದಲು, ಸಹಿ ಆಮೇಲೆ ಎನ್ನಲು ಅಷ್ಟರ ಮಟ್ಟಿಗೆ ಇನ್ನೂ ಕಾಲ ಮೀರಿಲ್ಲ.