ಅಸಲು ಎಂದು ಹೇಳುವ ಕಷ್ಟ

ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವ ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಕೆಲವು ತಿಂಗಳುಗಳ ಹಿಂದೆ ಒಂದು ಕೈಚೀಲವನ್ನು ಹಿಡಿದುಕೊಂಡು ಭೌತವಿಜ್ಞಾನದ ಪ್ರಯೋಗಶಾಲೆಗೆ ಬಂದಳು. ಅದು ಪ್ಯಾರಿಸಿನ ಲೂಯಿ ವಿಟಾನ್ ಸಂಸ್ಥೆಯ ‘ಸ್ಪೀಡಿ’ ಎಂಬ ಮಾದರಿಯದು. ಲಂಡನ್ನಿನಲ್ಲಿ ನೆಲೆಸಿರುವ ಅವಳ ದೊಡ್ಡಮ್ಮ ಅದನ್ನು ಯಾರೋ ಬಳಸಿ ಬಿಟ್ಟ ಮೇಲೆ ಕೊಂಡು, ತಾವೂ ಕೆಲವು ಕಾಲ ಬಳಸಿ, ಊರಿಗೆ ಬಂದಾಗ ಇವಳಿಗೆ ಕೊಟ್ಟು ಹೋಗಿದ್ದರಂತೆ. ಅದನ್ನು ಮಾರಿ ಬಂದ ಹಣದಿಂದ ಎಂ.ಎಸ್‌ಸಿ. ತರಗತಿಯ ಶುಲ್ಕವನ್ನು ಕಟ್ಟಬೇಕೆಂಬುದು ಅವಳ ಎಣಿಕೆ. ಕೊಳ್ಳುವುದಕ್ಕೆ ಬೆಂಗಳೂರಿನ ಮಹಿಳೆಯೊಬ್ಬರು ಸಿದ್ಧರಿದ್ದರು. ಆದರೆ ಚೀಲ ಅಸಲು ಎಂಬುದಕ್ಕೆ ಆಧಾರ ಬೇಕೆಂದು ಕೇಳಿದ್ದರು. “ಸರ್, ನಮ್ಮಲ್ಲಿ ಸೂಕ್ಷ್ಮದರ್ಶಕ ಇದೆ, ತಕ್ಕಡಿ ಇದೆ. ನೀವು ನೋಡಿ ಅಸಲಿ ಅಂತ ಬರೆದುಕೊಟ್ಟರೆ ಸಾಕು” ಎಂದಳು.

ನಾನು ಬರೆದುಕೊಡಲಿಲ್ಲ. ಅದೇಕೆ ಬರೆದುಕೊಡಲಿಲ್ಲವೆಂಬುದೇ ಈ ಲೇಖನದ ವಿಷಯ.

ಸಿರಿವಂತರ ಅಲಂಕಾರದ ಮಾತಿಗೆ ವಿಜ್ಞಾನದ ಪತ್ರಿಕೆಯಲ್ಲಿ ಏನು ಕೆಲಸವೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಖೋಟಾ ವಸ್ತುವನ್ನು ಕೊಂಡವನು ಹಣ ಕಳೆದುಕೊಳ್ಳುತ್ತಾನೆ. ಮಾರಿದವನು ಅದಕ್ಕಿಂತ ಹೆಚ್ಚಿನದನ್ನು ಕಳೆದುಕೊಳ್ಳಬಹುದು. ನಮ್ಮ ದೇಶದ 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಂತೆ ಸುಳ್ಳು ಚಿಹ್ನೆಯುಳ್ಳ ಸರಕನ್ನು ಮಾರುವವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸವನ್ನೂ 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ‘ನನಗೆ ತಿಳಿದಿರಲಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ತಕ್ಕ ಎಚ್ಚರಿಕೆಯನ್ನೆಲ್ಲ ವಹಿಸಿಯೂ ಸಂಶಯಕ್ಕೆ ಕಾರಣ ಕಾಣಲಿಲ್ಲವೆಂದು ತೋರಿಸಬೇಕಾಗುತ್ತದೆ. ತಕ್ಕ ಎಚ್ಚರಿಕೆ ಎಂದರೇನು? ಇಲ್ಲಿ ವಿಜ್ಞಾನಕ್ಕೆ ಖಂಡಿತವಾಗಿ ಕೆಲಸವುಂಟು.

ಮೊದಲು ಈ ಚೀಲದ ವಂಶವೃತ್ತಾಂತವನ್ನು ಸ್ವಲ್ಪ ನೋಡೋಣ. ಲೂಯಿ ವಿಟಾನನು 1854ರಲ್ಲಿ ಪ್ಯಾರಿಸಿನಲ್ಲಿ ಪ್ರಯಾಣದ ಪೆಟ್ಟಿಗೆಗಳ ಅಂಗಡಿಯನ್ನು ತೆರೆದನು. ಅವನ ಪೆಟ್ಟಿಗೆಗಳು ಹೆಸರು ಮಾಡಿದ ಕೂಡಲೇ ಇತರರು ಅವುಗಳನ್ನು ನಕಲು ಮಾಡತೊಡಗಿದರು. 1888ರಲ್ಲಿ ಚದುರಂಗದ ಹಾಸಿನಂತಹ ಚೌಕುಳಿಯ ಬಟ್ಟೆ ಬಂತು. ಅದರೊಳಗೆ ಇದು ನೋಂದಾಯಿತ ಚಿಹ್ನೆಯೆಂಬ ಬರಹವನ್ನೂ ಸೇರಿಸಿದರು. ಅಷ್ಟಕ್ಕೂ ನಕಲು ನಿಲ್ಲಲಿಲ್ಲ. ತಂದೆಯ ಮರಣಾನಂತರ, 1896ರಲ್ಲಿ, ಮಗ ಜಾರ್ಜನು ‘ಎಲ್’ ಮತ್ತು ‘ವಿ’ ಅಕ್ಷರಗಳನ್ನು ಹೆಣೆದು ಸುತ್ತಲೂ ಹೂಗಳನ್ನಿಟ್ಟ ವಿನ್ಯಾಸವನ್ನು ಹೊರತಂದನು. ಯಾರೂ ಅನುಕರಿಸಲಾಗದಷ್ಟು ತೊಡಕಿನದಾಗಲಿ ಎಂಬುದು ಅವನ ಇಚ್ಛೆ. ಇಂದು ಜಗತ್ತಿನ ಸಂತೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಅನುಕರಣಗೊಂಡಿರುವ ವಿನ್ಯಾಸಗಳಲ್ಲಿ ಅದೂ ಒಂದು! ಬೀಗವನ್ನು ಮಾಡುವವನು ಒಬ್ಬ, ಕಳ್ಳಕೀಲಿಯನ್ನು ಮಾಡುವವರು ನೂರು ಮಂದಿ.

ನಾವು ಮೊದಲು ನೋಡಿದುದು ಚೀಲದೊಳಗಿನ ತೊಗಲಿನ ಪಟ್ಟಿಯ ಮೇಲೆ ಒತ್ತಿದ್ದ ಸಂಕೇತವನ್ನು. ಎರಡು ಅಕ್ಷರ, ನಾಲ್ಕು ಅಂಕಿ. ಅಕ್ಷರಗಳು ಕಾರ್ಖಾನೆಯನ್ನು ಸೂಚಿಸುತ್ತವೆ. 2007ರಿಂದೀಚೆಗಿನ ಚೀಲಗಳಲ್ಲಿ ಒಂದನೆಯ ಮತ್ತು ಮೂರನೆಯ ಅಂಕಿಗಳು ಸೇರಿ ವಾರವನ್ನೂ, ಎರಡನೆಯ ಮತ್ತು ನಾಲ್ಕನೆಯವು ಸೇರಿ ವರ್ಷವನ್ನೂ ಹೇಳುತ್ತವೆ. ಈ ಚೀಲದಲ್ಲಿದ್ದುದು 1192. ಎಂದರೆ 2012ನೆಯ ಇಸವಿಯ 19ನೆಯ ವಾರ. ಹುಡುಗಿಯ ಮುಖ ಅರಳಿತು. ನಾನು ಕೇಳಿದೆ: “5174 ಎಂದಿದ್ದರೆ?” ಅವಳು ಲೆಕ್ಕ ಹಾಕಿ, “2014, 57ನೆಯ ವಾರ” ಎಂದು ಹೇಳಿ ನಕ್ಕಳು. ವರ್ಷದಲ್ಲಿ 57 ವಾರಗಳಿಲ್ಲ. ಅಂತಹ ಚೀಲ ಖೋಟಾ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ 19ನೆಯ ವಾರವೆಂಬುದು ಅಸಲಿಗೆ ಸಾಕ್ಷಿಯೆ? ಅಲ್ಲ. ಖೋಟಾಗಾರನಿಗೂ ಪಂಚಾಂಗ ಓದಲು ಬರುತ್ತದೆ. ಅದೂ ಅಲ್ಲದೆ ಈ ಸಂಕೇತ ಒಂದೊಂದು ಚೀಲಕ್ಕೆ ಒಂದೊಂದಾಗಿ ಕೊಟ್ಟ ಸಂಖ್ಯೆಯಲ್ಲ. ಒಂದೇ ಕಾರ್ಖಾನೆಯಲ್ಲಿ ಒಂದೇ ವಾರ ತಯಾರಾದ ಚೀಲಗಳಿಗೆಲ್ಲ ಅದು ಸಮಾನ.

ವಿದ್ಯಾರ್ಥಿಗಳು ಈ ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ತಪ್ಪಿದ ಗುರುತು ಒಂದೇ ಆದರೂ ಖೋಟಾ ಎಂದು ತೀರ್ಮಾನಿಸಲು ಸಾಕಾಗಬಹುದು. ಸರಿಯಾದ ಗುರುತುಗಳು ಹತ್ತಿದ್ದರೂ ಅಸಲು ಎಂಬ ತೀರ್ಮಾನ ಅವುಗಳಿಂದ ಹೊರಡುವುದಿಲ್ಲ. ಭೌತವಿಜ್ಞಾನದ ಸಿದ್ಧಾಂತಗಳ ಪಾಡೂ ಇದೇ. ಅದನ್ನು ತರಗತಿಯಲ್ಲಿ ಹೇಳಿದಾಗ ಆಕಳಿಸುವವರು ಕೈಚೀಲದ ವಿಷಯದಲ್ಲಿ ಕಣ್ಣರಳಿಸಿ ಕೇಳುತ್ತಾರೆ.

ಆದರೆ ‘ತಪ್ಪಿದ ಗುರುತು’ ಎನ್ನುವುದಕ್ಕೂ ವಸ್ತುವಿನ ಪರಿಚಯ ಬೇಕು. ಪ್ರಯೋಗಶಾಲೆಯಲ್ಲಿ ನೆರೆದಿದ್ದ ಹುಡುಗರಲ್ಲೊಬ್ಬನು ಚೀಲವನ್ನು ತಿರುಗಿಸಿ ನೋಡಿ, “ಸರ್, ಹಿಂಬದಿಯಲ್ಲಿ ಅಕ್ಷರಗಳೆಲ್ಲ ತಲೆಕೆಳಗು. ಇದು ಡೂಪ್ಲಿಕೇಟೇ” ಎಂದು ಘೋಷಿಸಿಬಿಟ್ಟನು. ವಾಸ್ತವದಲ್ಲಿ ಈ ಮಾದರಿಯ ಚೀಲಕ್ಕೆ ಒಂದೇ ತುಂಡು ಬಟ್ಟೆಯನ್ನು ಮುಂಬದಿಯಿಂದ ತಳದ ಮೂಲಕ ಹಿಂಬದಿಗೆ ಸುತ್ತಿರುತ್ತಾರೆ. ಮುಂದೆ ನೆಟ್ಟಗಿರುವ ಅಕ್ಷರ ಹಿಂದೆ ತಲೆಕೆಳಗಾಗಲೇಬೇಕು. ಇನ್ನೊಬ್ಬಳು ಮೂಸಿ ನೋಡಿ ಚರ್ಮದ ವಾಸನೆ ಇಲ್ಲವೆಂದಳು. ಇರುವುದಾದರೂ ಹೇಗೆ? ಚೀಲದ ಮೈ ಚರ್ಮವೇ ಅಲ್ಲ. ಹತ್ತಿಯ ಬಟ್ಟೆಗೆ ಪಿ.ವಿ.ಸಿ. ಲೇಪವನ್ನು ಕೊಟ್ಟದ್ದು. ಹಿಡಿ ಮತ್ತು ಅಂಚುಗಳು ಮಾತ್ರ ಬಣ್ಣ ಹಾಕದ ಆಕಳ ತೊಗಲು. ಅದು ಬೆಳಕಿಗೂ ಕೈಯ ಜಿಡ್ಡಿಗೂ ವರ್ಷದಿಂದ ವರ್ಷಕ್ಕೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬೆಂಕಿಕಡ್ಡಿ ಗೀರಿ ಅಂಚನ್ನು ಸುಟ್ಟು ನೋಡುವ ಒಂದು ಪರೀಕ್ಷೆಯೂ ಜನರಲ್ಲಿ ರೂಢಿಯಲ್ಲಿದೆ. ಅಸಲು ಚೀಲವೊಂದು ಅದರಿಂದ ಹಾಳಾಗುವುದಲ್ಲದೆ ಬೇರೇನೂ ಸಿದ್ಧವಾಗುವುದಿಲ್ಲ.

ನಮಗೆ ನಿಜವಾಗಿ ಸಂತೋಷ ಕೊಟ್ಟದ್ದು ಚೀಲದ ಜೊತೆಗಿದ್ದ ಪುಟ್ಟ ಬೀಗ. ಅಸಲು ಚೀಲಕ್ಕೆ ಹಿತ್ತಾಳೆಯ ಬೀಗ ಬರುತ್ತದೆ. ಅಗ್ಗದ ನಕಲುಗಳಲ್ಲಿ ಸತುವಿನ ಮಿಶ್ರಲೋಹವನ್ನು ಎರಕ ಹೊಯ್ದು ಮೇಲೆ ಬಂಗಾರದ ಬಣ್ಣವನ್ನು ಕೊಡುವುದುಂಟು. ಅಯಸ್ಕಾಂತವನ್ನು ಹಿಡಿದು ನೋಡುವ ಉಪಾಯ ಇಲ್ಲಿ ನಡೆಯದು. ಹಿತ್ತಾಳೆಯನ್ನೂ ಅದು ಎಳೆಯದು, ಸತುವನ್ನೂ ಎಳೆಯದು. ಉಕ್ಕನ್ನು ಮಾತ್ರ ಹಿಡಿದುಕೊಟ್ಟೀತು. ಆದರೆ ಹಿತ್ತಾಳೆಯ ಸಾಪೇಕ್ಷ ಸಾಂದ್ರತೆ ಸುಮಾರು 8.4ರಿಂದ 8.7, ಸತುವಿನ ಆ ಮಿಶ್ರಲೋಹದ್ದು ಸುಮಾರು 6.7. ಎರಡು ಸಾವಿರ ವರ್ಷಗಳಿಗೂ ಹಿಂದೆ ಆರ್ಕಿಮಿಡೀಸನು ಕಿರೀಟದ ಚಿನ್ನವನ್ನು ಪರೀಕ್ಷಿಸಿದನೆಂದು ಕಥೆ ಹೇಳುವ ನಾವು, ನೂಲಿಗೆ ಬೀಗವನ್ನು ಕಟ್ಟಿ ತೂಗಿದೆವು. ಗಾಳಿಯಲ್ಲಿ 34.0 ಗ್ರಾಂ, ನೀರಿನಲ್ಲಿ ಮುಳುಗಿಸಿದಾಗ 29.8 ಗ್ರಾಂ. ಕಡಿಮೆಯಾದದ್ದು 4.2, ಭಾಗಿಸಿದರೆ 8.1. ಹಿತ್ತಾಳೆಗಿಂತ ಕೊಂಚ ಕಡಿಮೆ. ಬೀಗದ ಹೊಟ್ಟೆಯಲ್ಲಿ ಉಕ್ಕಿನ ಸುರುಳಿ ಇರುತ್ತದೆ, ಕೀಲಿಯ ರಂಧ್ರದಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಎರಡೂ ಉತ್ತರವನ್ನು ಕೆಳಕ್ಕೆ ಎಳೆಯುತ್ತವೆ. ಸತುವಂತೂ ಅಲ್ಲವೆಂದು ಧೈರ್ಯವಾಗಿ ಹೇಳಬಹುದಾಗಿತ್ತು.

ಹುಡುಗರು ಚಪ್ಪಾಳೆ ತಟ್ಟಿದರು. ಆದರೆ ಬೀಗದ ಪರೀಕ್ಷೆ ಬೀಗವನ್ನು ಕುರಿತದ್ದು. ಹಳೆಯ ಅಸಲು ಬೀಗಗಳು ಬಿಡಿಯಾಗಿ ಮಾರಾಟಕ್ಕೆ ದೊರೆಯುತ್ತವೆ. ಅದನ್ನು ಖೋಟಾ ಚೀಲಕ್ಕೆ ತಗುಲಿಸುವುದಕ್ಕೆ ಅರ್ಧ ನಿಮಿಷ ಸಾಕು. ಮಾರುವವರು ಬಿಲ್ಲು, ಪೆಟ್ಟಿಗೆ, ಧೂಳು ಬೀಳದಂತೆ ಹಾಕುವ ಬಟ್ಟೆಯ ಗೌಸು, ಒಳಗಿನ ಮುದ್ರೆ, ಸಂಕೇತ ಎಂದು ಐದು ಸಾಕ್ಷಿಗಳನ್ನು ಮುಂದಿಡುತ್ತಾರೆ. ಐದನ್ನೂ ಒಂದೇ ಕೈ ತಯಾರಿಸಬಹುದಾಗಿದ್ದರೆ ಅವು ಐದು ಸಾಕ್ಷಿಗಳಲ್ಲ. ಒಬ್ಬನೇ ಸಾಕ್ಷಿ ಐದು ಸಲ ಹೇಳಿದ ಮಾತು.

ಯಂತ್ರಗಳ ವಿಷಯವೇನು? ನ್ಯೂಯಾರ್ಕಿನ ಎಂಟ್ರುಪಿ ಎಂಬ ಸಂಸ್ಥೆಯವರು ಕೈಚೀಲದ ಮೇಲ್ಮೈಯನ್ನು ಸೂಕ್ಷ್ಮದರ್ಶಕದಿಂದ ಹಿಗ್ಗಿಸಿ ಚಿತ್ರ ತೆಗೆದು, ಲಕ್ಷಾಂತರ ಚಿತ್ರಗಳಿಂದ ಕಲಿತ ಗಣಕಯಂತ್ರದಿಂದ ತೀರ್ಪು ಹೇಳಿಸುತ್ತಾರೆ. 2017ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ತೀರ್ಪು ನೂರಕ್ಕೆ ಸುಮಾರು 98 ಸಲ ಸರಿಯಾಗಿತ್ತೆಂದಿದೆ. ಕೆಲಸ ಮೆಚ್ಚತಕ್ಕದ್ದೇ. ಆದರೂ ಒಂದು ಲೆಕ್ಕವನ್ನು ಮಾಡಿ ನೋಡಿ. ಯಂತ್ರವೊಂದು ಅಸಲಿನಲ್ಲಿಯೂ ನಕಲಿನಲ್ಲಿಯೂ ನೂರಕ್ಕೆ 2 ಸಲ ತಪ್ಪುತ್ತದೆ ಎನ್ನೋಣ. ಒಳ್ಳೆಯ ಅಂಗಡಿಯಿಂದ ಬಂದ 1000 ಚೀಲಗಳಲ್ಲಿ 100 ಖೋಟಾ ಆಗಿದ್ದರೆ, ಯಂತ್ರವು ಅಸಲು ಎನ್ನುವುದು 882 ನಿಜವಾದ ಚೀಲಗಳನ್ನು ಮತ್ತು 2 ಖೋಟಾಗಳನ್ನು. ಭಯಪಡಬೇಕಾಗಿಲ್ಲ. ಈಗ ಅದೇ ಯಂತ್ರವನ್ನು, 1000ಕ್ಕೆ 900 ಖೋಟಾ ಇರುವ ಸಂತೆಗೆ ಒಯ್ಯಿರಿ. ಅಲ್ಲಿ ಅಸಲು ಎಂದು ಮುದ್ರೆ ಪಡೆಯುವವು 98 ನಿಜವಾದವು, 18 ಖೋಟಾ. ಸುಮಾರು ಆರರಲ್ಲೊಂದು! ಯಂತ್ರ ಬದಲಾಗಲಿಲ್ಲ, ಅದರ ಮಾತೂ ಬದಲಾಗಲಿಲ್ಲ. ಆ ಮಾತಿನ ತೂಕ ಮಾತ್ರ ಬದಲಾಯಿತು. ಚೀಲವನ್ನು ಎಷ್ಟೇ ಹಿಗ್ಗಿಸಿ ನೋಡಿದರೂ ಕಾಣದ ಒಂದು ಸಂಗತಿ, ಅದು ಎಲ್ಲಿಂದ ಬಂತು ಎಂಬುದು, ತೀರ್ಪಿನಲ್ಲಿ ಪಾಲು ಪಡೆಯುತ್ತದೆ.

ಹಾಗಾದರೆ ತಯಾರಕರನ್ನೇ ಕೇಳಬಾರದೇಕೆ? 2018ರ ನವೆಂಬರಿನಲ್ಲಿ ಶನೆಲ್ ಸಂಸ್ಥೆಯು, ಬಳಸಿದ ವಸ್ತುಗಳನ್ನು ಮಾರುವ ‘ದಿ ರಿಯಲ್‌ರಿಯಲ್’ ಎಂಬ ಕಂಪನಿಯ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು. ತನ್ನ ಚೀಲ ಅಸಲು ಹೌದೋ ಅಲ್ಲವೋ ಎಂಬುದನ್ನು ತಾನೊಬ್ಬನೇ ಹೇಳಬಲ್ಲೆನೆಂಬುದು ಅದರ ವಾದ. ಲೂಯಿ ವಿಟಾನ್ ಸಂಸ್ಥೆ 2021ರಿಂದ ಒತ್ತಿದ ಸಂಕೇತವನ್ನು ಬಿಟ್ಟು ಚೀಲದೊಳಗೆ ಕಣ್ಣಿಗೆ ಕಾಣದ ವಿದ್ಯುತ್ ಬಿಲ್ಲೆಯನ್ನಿಡುತ್ತಿದೆ. ಅದರ ಅರ್ಥ ತಯಾರಕರಿಗೇ ಗೊತ್ತು. ತಮ್ಮ ಸರಕಿನ ರಹಸ್ಯವನ್ನು ಅವರು ಕಾಯ್ದುಕೊಳ್ಳುವುದು ಸಹಜ. ಆದರೆ ಹಳೆಯ ಚೀಲ ಮಾರಾಟವಾದರೆ ಹೊಸದರ ಗಿರಾಕಿ ಒಬ್ಬ ಕಡಿಮೆಯಾದನೆಂದು ಲೆಕ್ಕ ಹಾಕುವವರನ್ನೇ ಏಕಮಾತ್ರ ನ್ಯಾಯಾಧೀಶರನ್ನಾಗಿ ಒಪ್ಪುವುದು ನನಗೆ ಸಮ್ಮತವಲ್ಲ. ಬೇರೆಯವರು ಮತ್ತೆ ಮಾಡಿ ನೋಡಲಾಗದ ಪರೀಕ್ಷೆಯನ್ನು ವಿಜ್ಞಾನದಲ್ಲಿ ಯಾರೂ ಪರೀಕ್ಷೆ ಎನ್ನುವುದಿಲ್ಲ.

ಹಾಗೆಂದು ‘ನೂರಕ್ಕೆ ನೂರು ಅಸಲು’ ಎಂದು ಅಚ್ಚು ಹಾಕಿದ ಪತ್ರಗಳನ್ನು ಹಂಚುವ ಮಧ್ಯವರ್ತಿಗಳ ಪರವಾಗಿಯೂ ನಾನು ನಿಲ್ಲಲಾರೆ. ನೂರಕ್ಕೆ ನೂರು ಎಂಬ ಸಂಖ್ಯೆ ಯಾವ ಅಳತೆಯಿಂದಲೂ ಬರುವುದಿಲ್ಲ. ಪ್ರಾಮಾಣಿಕವಾದ ಪತ್ರದಲ್ಲಿ ಇರಬೇಕಾದುದು ಮೂರು ಮಾತು: ಏನೇನನ್ನು ನೋಡಿದೆವು, ಯಾವ ದೋಷವೂ ಕಾಣಲಿಲ್ಲ ಅಥವಾ ಇಂತಹ ದೋಷ ಕಂಡಿತು, ಚೀಲ ಯಾರಿಂದ ಯಾರ ಕೈಗೆ ಬಂದಿತೆಂಬ ವಿಷಯದಲ್ಲಿ ಇಷ್ಟು ತಿಳಿದಿದೆ. ಮೂರನೆಯದನ್ನೇ ಜನ ಮರೆಯುತ್ತಾರೆ. 2025ರ ಜುಲೈ ತಿಂಗಳಲ್ಲಿ, ಅರ್ಮೆ ಸಂಸ್ಥೆ ನಟಿ ಜೇನ್ ಬರ್ಕಿನ್ನಳಿಗಾಗಿ ಮಾಡಿಕೊಟ್ಟಿದ್ದ ಮೊದಲ ಚೀಲ ಪ್ಯಾರಿಸಿನ ಹರಾಜಿನಲ್ಲಿ 86 ಲಕ್ಷ ಯೂರೋಗಳಿಗೆ ಹೋಯಿತು. ಗೀಚಿ ಸವೆದಿದ್ದ ಚರ್ಮಕ್ಕೆ ಅಷ್ಟು ಬೆಲೆಯೆ? ಅವಳ ಕೈಯಿಂದ ಹರಾಜಿನ ಮೇಜಿನವರೆಗೆ ಅದು ನಡೆದುಬಂದ ದಾರಿ ತಿಳಿದಿತ್ತು.

ನಮ್ಮ ವಿದ್ಯಾರ್ಥಿನಿಗೆ ಅರ್ಧ ಹಾಳೆಯಲ್ಲಿ ಇಷ್ಟನ್ನೇ ಬರೆದುಕೊಟ್ಟೆನು: ಸಂಕೇತ ಸಾಧ್ಯವಾದ ದಿನಾಂಕವನ್ನು ಹೇಳುತ್ತದೆ, ವಿನ್ಯಾಸ ಇರಬೇಕಾದಂತೆ ತಲೆಕೆಳಗಾಗಿದೆ, ಬೀಗದ ಸಾಂದ್ರತೆ 8.1, ದೋಷ ಕಾಣಲಿಲ್ಲ. ಮೂರನೆಯ ಸಾಲನ್ನು ಖಾಲಿ ಬಿಟ್ಟು, ದೊಡ್ಡಮ್ಮನವರನ್ನು ಕೇಳಿ ತುಂಬಿಕೋ ಎಂದೆನು. ಅವಳು ಅಂದೇ ರಾತ್ರಿ ಫೋನು ಮಾಡಿದಳು. ಭಾನುವಾರದ ಹಳೆಯ ಸಾಮಾನುಗಳ ಸಂತೆಯಲ್ಲಿ, ಗುರುತಿಲ್ಲದವನೊಬ್ಬನಿಂದ, ಬಿಲ್ಲಿಲ್ಲದೆ, ತುಂಬ ಅಗ್ಗವಾಗಿ ಸಿಕ್ಕಿತೆಂದು ಕೊಂಡದ್ದು ಎಂದು ದೊಡ್ಡಮ್ಮ ಹೇಳಿದರಂತೆ.

ಮರುದಿನ ಅವಳು ಆ 116ರ ಲೆಕ್ಕವನ್ನು ಕರಿಹಲಗೆಯ ಮೇಲೆ ಮತ್ತೊಮ್ಮೆ ತಾನೇ ಮಾಡಿ ನೋಡಿದಳು. ಬೆಂಗಳೂರಿನ ಮಹಿಳೆಗೆ ಸಂಗತಿಯನ್ನು ಇದ್ದ ಹಾಗೆ ತಿಳಿಸಿದಳು. ಅವರು ವಂದನೆ ಹೇಳಿ ಸುಮ್ಮನಾದರು. ಶುಲ್ಕಕ್ಕಾಗಿ ಬ್ಯಾಂಕಿನ ಸಾಲಕ್ಕೆ ಅರ್ಜಿ ಹಾಕಿದ್ದಾಳೆ. ಈಗ ಪ್ರಯೋಗಶಾಲೆಗೆ ಬರುವಾಗ ರೆಕಾರ್ಡು ಪುಸ್ತಕಗಳನ್ನು ಅದೇ ಚೀಲದಲ್ಲಿ ಹಾಕಿಕೊಂಡು ಬರುತ್ತಾಳೆ. ಬೀಗವನ್ನು ಮಾತ್ರ, ಸಾಂದ್ರತೆಯ ಪ್ರಯೋಗಕ್ಕೆ ಇರಲಿ ಎಂದು, ನಮ್ಮ ಕಪಾಟಿಗೆ ಬಿಟ್ಟುಕೊಟ್ಟಿದ್ದಾಳೆ.