ಕತ್ತಲಲ್ಲಿ ಉರಿಯುವ ಮೌಸು

ಹೋದ ವಾರ ಕಂಪ್ಲಿಯಿಂದ ನನ್ನ ನಾದಿನಿ ಹೊಸಪೇಟೆಗೆ, ನಮ್ಮ ಮನೆಗೆ ಬಂದಿದ್ದಳು. ರಾತ್ರಿ ನೀರು ಕುಡಿಯಲೆಂದು ಎದ್ದವಳು ನಡುಮನೆಯಲ್ಲಿ ಬೆಚ್ಚಿ ನಿಂತಳು. ಮೇಜಿನ ಮೇಲೆ ಏನೋ ಒಮ್ಮೆ ಕೆಂಪಗೆ, ಒಮ್ಮೆ ಹಸಿರಾಗಿ ಉರಿಯುತ್ತಿದೆ! "ಅತ್ತಿಗೀ, ಕಂಪ್ಯೂಟರ್ ಬಂದ್ ಮಾಡಿದ್ರೂ ಇದು ಉರಿಯಾಕತ್ತೈತಲ್ಲ! ಕರೆಂಟ್ ಬಿಲ್ ಎಷ್ಟ್ ಬರತೈತೋ ಏನೋ!" ಎಂದಳು.

ಅದು ನನ್ನ ಮಗ ತಂದ ಆಟದ ಮೌಸು. ಒಂದೂವರೆ ಸಾವಿರ ಕೊಟ್ಟನೆಂದು ತಿಳಿದ ದಿನ ನಾನು "ಜಾತ್ರೆಯ ಆಟಿಕೆಗೆ ಇಷ್ಟು ದುಡ್ಡೇ?" ಎಂದು ಬೈದಿದ್ದೆ. ಎರಡು ದಿನ ಅವನು ನನ್ನೊಡನೆ ಮಾತೇ ಆಡಲಿಲ್ಲ.

ಬಿಲ್ಲಿನ ಭಯ ಬೇಡ, ಸೋದರಿಯರೇ. ಕೆಲವು ಕಂಪ್ಯೂಟರುಗಳು ಬಂದ್ ಆದ ಮೇಲೂ ಮೌಸಿಗೆ ಕರೆಂಟ್ ಕೊಡುತ್ತಲೇ ಇರುತ್ತವೆ. ಆದರೆ ಇಂಥ ತಂತಿಯ ಮೌಸು ಎಳೆಯುವುದು ಹೆಚ್ಚೆಂದರೆ ಎರಡೂವರೆ ವ್ಯಾಟ್. ದಿನಾ ರಾತ್ರಿ 10 ಗಂಟೆ ಉರಿದರೂ ಒಂದು ಯೂನಿಟ್ ಆಗಲು 40 ರಾತ್ರಿ ಬೇಕು. ಕಣ್ಣಿಗೆ ಕಿರಿಕಿರಿಯಾದರೆ, ಕಂಪ್ಯೂಟರ್ ಬಂದ್ ಮಾಡಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸಿ.

ಒಳಗಿರುವುದು ಕೆಂಪು, ಹಸಿರು, ನೀಲಿ, ಮೂರೇ ಬಣ್ಣದ ಪುಟ್ಟ ದೀಪಗಳು. ಒಂದೊಂದಕ್ಕೂ 256 ಮಟ್ಟದ ಬೆಳಕು. ಬೆರೆಸುತ್ತಾ ಹೋದರೆ ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು ಬಣ್ಣ! ಯಾವುದು ಬೇಕೆಂದು ಹೇಳಲು ಕಂಪ್ಯೂಟರಿಗೆ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳಬೇಕು.

ಆ ಸಾಫ್ಟ್‌ವೇರ್ ಬಣ್ಣಕ್ಕಷ್ಟೇ ಅಲ್ಲವೆಂದು ನನಗೆ ಗೊತ್ತಾದದ್ದು ಆಮೇಲೆ. ಸ್ತ್ರೀಶಕ್ತಿ ಸಂಘದ ಲೆಕ್ಕ ಹಾಕುವಾಗ ನನ್ನ ಮಣಿಕಟ್ಟು ನೋಯುತ್ತಿತ್ತು. ಮುನಿಸಿಕೊಂಡಿದ್ದ ಮಗ ತಾನಾಗಿ ಬಂದು, "ಅಮ್ಮಾ, ಇದನ್ನ ಹಿಡಿದು ನೋಡು" ಎಂದ. ಕೈ ಒಂದು ಅಂಗುಲ ಸರಿದರೆ ಪರದೆಯ ಬಾಣ ಎಷ್ಟು ದೂರ ಸರಿಯಬೇಕೆಂಬುದಕ್ಕೆ ಡಿಪಿಐ ಎಂಬ ಲೆಕ್ಕವಿದೆ. 800 ಇದ್ದದ್ದನ್ನು 1600 ಮಾಡಿದ. ಈಗ ಕೈಯನ್ನು ಮೊದಲಿನ ಅರ್ಧದಷ್ಟು ಸರಿಸಿದರೆ ಸಾಕು. ಹೆಬ್ಬೆರಳ ಬಳಿಯ ಎರಡು ಗುಂಡಿಗಳಲ್ಲಿ ಒಂದನ್ನು ಕಾಪಿಗೆ, ಇನ್ನೊಂದನ್ನು ಪೇಸ್ಟಿಗೆ ಇಟ್ಟುಕೊಟ್ಟ. ಕೈಗೆ ಎಷ್ಟೋ ಹಗುರ ಅನ್ನಿಸಿತು. (ನೋವು ನಿಲ್ಲದಿದ್ದರೆ ವೈದ್ಯರಿಗೆ ತೋರಿಸುವುದೇ ಸರಿ.)

ಕೊಳ್ಳುವ ಮೊದಲು ಮೂರು ಮಾತು ಕೇಳಿ: ದೀಪವನ್ನು ಪೂರ್ತಿ ಆರಿಸಬಹುದೇ? ಗುಂಡಿಗಳ ಕೆಲಸ ಬದಲಿಸಬಹುದೇ? ಬದಲಿಸಿದ್ದು ಮೌಸಿನೊಳಗೇ ಉಳಿಯುತ್ತದೆಯೇ? ಉಳಿಯದಿದ್ದರೆ ಬೇರೆ ಕಂಪ್ಯೂಟರಿಗೆ ಹಾಕಿದಾಗ ಮತ್ತೆ ಮೊದಲಿನಿಂದ ಮಾಡಬೇಕು. ಸಾಫ್ಟ್‌ವೇರನ್ನು ಮಾತ್ರ ಮೌಸು ಮಾಡಿದ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ. ಬೇರೆಡೆಯಿಂದ ತಂದರೆ ವೈರಸ್ಸೂ ಜೊತೆಗೆ ಬಂದೀತು.

ಹಂಪಿ ಉತ್ಸವದ ರಾತ್ರಿ ಕಣ್ಣಿಗೆ ಬೀಳುವುದು ಬಣ್ಣದ ದೀಪ. ಕಲ್ಲಿನ ಕೆಲಸ ಕಾಣಬೇಕಾದರೆ ಬೆಳಿಗ್ಗೆ ಹೋಗಬೇಕು. ನಾನು ದೀಪ ನೋಡಿಯೇ ಬೈದುಬಿಟ್ಟಿದ್ದೆ. ಮಗನಿಗೆ "ತಪ್ಪಾಯ್ತಪ್ಪ" ಎಂದೆ.

ಈಗ ಅವನು ಆಡುವಾಗ ಮೌಸು ಕೆಂಪಗಿರುತ್ತದೆ. ನಾನು ಲೆಕ್ಕಕ್ಕೆ ಕೂತರೆ ಅರಿಸಿನ ಬಣ್ಣ. ಬದಲಿಸಲು ನಾನೇ ಕಲಿತಿದ್ದೇನೆ!