ಪ್ರತಿ ಮಾಡುವ ಯಂತ್ರ ಮತ್ತು ಸಂಪಾದಕನ ಹೊಣೆ

ಶಾಸನ, ಹಸ್ತಪ್ರತಿ, ಕವಿಚರಿತೆಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಗಣಕಕ್ಕೆ ಅಳವಡಿಸುವ ಕಾರ್ಯವನ್ನು ನಾವು ಬಹುಮಟ್ಟಿಗೆ ತಾಂತ್ರಿಕ ಸಂಗತಿಯೆಂದೇ ಪರಿಗಣಿಸುತ್ತೇವೆ. ಯಾವ ಮಾಹಿತಿ ಸೇರಬೇಕೆಂಬುದನ್ನು ವಿದ್ವಾಂಸರು ನಿರ್ಧರಿಸಿ, ಅದು ಯಾವ ರೂಪದ ಕಡತದಲ್ಲಿ ಉಳಿಯಬೇಕೆಂಬುದನ್ನು ತಂತ್ರಜ್ಞರಿಗೆ ಬಿಟ್ಟುಬಿಡುತ್ತಾರೆ. ಈ ಕಾರ್ಯವಿಭಜನೆ ಸಾಧುವಲ್ಲ ಎಂಬುದು ಪ್ರಸ್ತುತ ಲೇಖನದ ನಿಲುವು. ಲಿಂಕ್ಡ್ ಡೇಟಾ ವಿಧಾನವನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಈ ವಿಧಾನದಲ್ಲಿ ಪ್ರತಿಯೊಂದು ಮಾಹಿತಿಯೂ ಮೂರು ಅಂಗಗಳುಳ್ಳ ಒಂದು ಕಿರುಹೇಳಿಕೆ. ‘ವಿಕ್ರಮಾರ್ಜುನ ವಿಜಯ – ಕರ್ತೃ – ಪಂಪ’ ಎಂಬುದು ಅಂಥ ಒಂದು ತ್ರಿಕ. ಇಂಥ ತ್ರಿಕಗಳು ಪರಸ್ಪರ ಹೆಣೆದುಕೊಂಡು ಗ್ರಾಫ್ ಆಗುತ್ತವೆ. ಇದಕ್ಕೆ ಆಧಾರವಾದ ಆರ್‌ಡಿಎಫ್ ಮಾನಕವನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಮೊದಲಿಗೆ 1999ರಲ್ಲಿ ಅಂಗೀಕರಿಸಿತು, ಅದರ 1.1ನೆಯ ಆವೃತ್ತಿ 2014ರಲ್ಲಿ ಬಂದಿತು. ಗ್ರಾಫ್ ಒಂದು ಅಮೂರ್ತ ರಚನೆಯಾದುದರಿಂದ ಅದನ್ನು ಉಳಿಸಲು, ಹಂಚಲು ಪಠ್ಯರೂಪಕ್ಕೆ ತರಬೇಕಾಗುತ್ತದೆ. ಪೈಥಾನ್ ಭಾಷೆಯ ಆರ್‌ಡಿಎಫ್‌ಲಿಬ್ ಎಂಬ ಲೈಬ್ರರಿ ಈ ಕಾರ್ಯವನ್ನು ಒಂದೇ ಸಾಲಿನ ಆದೇಶದಿಂದ ಮಾಡಿಕೊಡುತ್ತದೆ. ರೂಪದ ಹೆಸರನ್ನು ಬದಲಿಸಿದರೆ ಸಾಕು, ಟರ್ಟಲ್, ಎನ್-ಟ್ರಿಪಲ್ಸ್, ಜೇಸನ್-ಎಲ್‌ಡಿ ಮುಂತಾದ ರೂಪಗಳು ಸಿದ್ಧವಾಗುತ್ತವೆ. ಯಾವ ಹೆಸರನ್ನೂ ಸೂಚಿಸದಿದ್ದರೆ, 2021ರ 6ನೆಯ ಆವೃತ್ತಿಯಿಂದೀಚೆಗೆ, ಅದು ಟರ್ಟಲ್ ರೂಪವನ್ನೇ ಬಳಸುತ್ತದೆ. ಅಂದರೆ ನಾವು ಆಯ್ಕೆ ಮಾಡದಿದ್ದರೂ ಆಯ್ಕೆ ನಡೆದೇ ಇರುತ್ತದೆ.

ಪ್ರತಿಯಿಂದ ಪ್ರತಿಯಾಗುವಾಗ ಪಾಠ ಮಾರ್ಪಡುತ್ತದೆಂಬುದು ಗ್ರಂಥಸಂಪಾದನೆಯ ಮೂಲಭೂತ ತಿಳಿವಳಿಕೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದವರಿಗೆ ಲಿಪಿಕಾರರ ಸ್ಖಾಲಿತ್ಯಗಳ ಪರಿಚಯವಿದೆ. ಈ ಹೊಸ ಲಿಪಿಕಾರ ಅಕ್ಷರ ತಪ್ಪುವುದಿಲ್ಲ; ಆದರೆ ತನ್ನ ನಿಯಮಕ್ಕೆ ಒಳಪಡದುದನ್ನು ಕೈಬಿಡುತ್ತಾನೆ. ಟರ್ಟಲ್ ಕಡತದಲ್ಲಿ ಸಂಪಾದಕನು ಟಿಪ್ಪಣಿಯಾಗಿ ‘ಈ ಪಾಠ ಸಂದೇಹಾಸ್ಪದ’ ಎಂದು ಬರೆದಿದ್ದರೆ, ಕಡತವನ್ನು ಲೈಬ್ರರಿ ಓದಿ ಮತ್ತೆ ಬರೆದಾಗ ಆ ಟಿಪ್ಪಣಿ ಇರುವುದಿಲ್ಲ. ಏಕೆಂದರೆ ಅದು ತ್ರಿಕವಲ್ಲ.

ಇದಕ್ಕಿಂತ ಗಂಭೀರವಾದುದು ಆಕರದ ಪ್ರಶ್ನೆ. ಹಲ್ಮಿಡಿ ಶಾಸನದ ಕಾಲ ಸು. ಕ್ರಿ.ಶ. 450 ಎಂಬ ಅಭಿಪ್ರಾಯ ರೂಢಿಯಲ್ಲಿದೆ. ಅದು ಇನ್ನೂ ಈಚಿನದೆಂಬ ವಾದವೂ ಉಂಟು. ಒಂದೊಂದು ಮತವನ್ನೂ ಅದನ್ನು ಮಂಡಿಸಿದವರ ಹೆಸರಿನ ಪ್ರತ್ಯೇಕ ಗ್ರಾಫಿನಲ್ಲಿಡಲು ಆರ್‌ಡಿಎಫ್‌ನಲ್ಲಿ ಅವಕಾಶವಿದೆ. ಟ್ರಿಗ್ ಮತ್ತು ಎನ್-ಕ್ವಾಡ್ಸ್ ರೂಪಗಳು ಈ ಹೆಸರುಗಳನ್ನು ಕಾಪಾಡುತ್ತವೆ. ಟರ್ಟಲ್‌ನಲ್ಲಾಗಲಿ ಎನ್-ಟ್ರಿಪಲ್ಸ್‌ನಲ್ಲಾಗಲಿ ಗ್ರಾಫಿನ ಹೆಸರಿಗೆ ಸ್ಥಾನವೇ ಇಲ್ಲ. ಹೀಗೆ ಪರಿವರ್ತಿಸಿದ ಕಡತದಲ್ಲಿ ಒಂದೇ ಶಾಸನಕ್ಕೆ ಎರಡು ಕಾಲಗಳು ಉಳಿಯುತ್ತವೆ. ಯಾರು ಯಾವುದನ್ನು ಹೇಳಿದರೆಂಬುದು ಅಳಿಯುತ್ತದೆ. ವಾದವಿದ್ದ ಕಡೆ ಗೊಂದಲ ನಿಲ್ಲುತ್ತದೆ.

ಇನ್ನು ಲಿಪಿಯ ಸಂಗತಿ. 2004ರ ವ್ಯಾಖ್ಯೆಯಂತೆ ಎನ್-ಟ್ರಿಪಲ್ಸ್ ಕಡತದಲ್ಲಿ ಆಸ್ಕಿ ಚಿಹ್ನೆಗಳಿಗೆ ಮಾತ್ರ ಅವಕಾಶವಿತ್ತು. ‘ಪಂಪ’ ಎಂಬ ಹೆಸರು ಅಲ್ಲಿ ಮೂರು ಯೂನಿಕೋಡ್ ಸಂಕೇತಗಳಾಗಿ, ಒಟ್ಟು 18 ಚಿಹ್ನೆಗಳಾಗಿ ಕಾಣುತ್ತಿತ್ತು. 2014ರ ವ್ಯಾಖ್ಯೆ ಕನ್ನಡವನ್ನು ಕನ್ನಡದಲ್ಲೇ ಬರೆಯಲು ಎಡೆಮಾಡಿತು. ಗಣಕಕ್ಕೆ ಎರಡೂ ಒಂದೇ. ಆದರೆ ಕಣ್ಣಿನಿಂದ ಓದಿ ತಿದ್ದುವ ಸಂಪಾದಕನಿಗೆ ಸಂಕೇತಗಳ ಸಾಲಿನಲ್ಲಿ ಒತ್ತಕ್ಷರದ ದೋಷ ಕಾಣಿಸದು.

ರೂಪ ಬದಲಾದರೂ ಗ್ರಾಫ್ ಬದಲಾಗದೆಂದು ತಂತ್ರಜ್ಞರು ಹೇಳಬಹುದು. ತ್ರಿಕಗಳ ಮಟ್ಟಿಗೆ ಅದು ನಿಜ. ಆದರೆ ಸಂದೇಹ, ಆಕರ, ಮತಭೇದಗಳೂ ಸಂಶೋಧನೆಯ ಸಾಮಗ್ರಿಯೇ ಆಗಿವೆ.

ಆದುದರಿಂದ ಕೆಲವು ನಿಯಮಗಳನ್ನು ಪಾಲಿಸುವುದು ಅವಶ್ಯ. ಸಂದೇಹವನ್ನು ಟಿಪ್ಪಣಿಯಲ್ಲಿ ಬಿಡದೆ ತ್ರಿಕವಾಗಿಯೇ ದಾಖಲಿಸಬೇಕು. ಮೂಲಪ್ರತಿಯನ್ನು ಟ್ರಿಗ್ ರೂಪದಲ್ಲಿ, ಕನ್ನಡ ಲಿಪಿಯಲ್ಲೇ ಇರಿಸಿ, ಉಳಿದ ರೂಪಗಳನ್ನು ಅದರಿಂದ ಪಡೆಯಬೇಕು. ಪರಿವರ್ತಿಸಿದ ಕಡತವನ್ನು ಮತ್ತೆ ಓದಿಸಿ ಮೂಲದೊಡನೆ ಹೋಲಿಸಬೇಕು; ಎರಡು ಗ್ರಾಫ್‌ಗಳ ಸಮಾನತೆಯನ್ನು ಪರೀಕ್ಷಿಸುವ ಸೌಲಭ್ಯ ಆರ್‌ಡಿಎಫ್‌ಲಿಬ್‌ನಲ್ಲಿಯೇ ಇದೆ. ಇದಕ್ಕೆ ಬೇಕಾದ ತರಬೇತಿಗೆ ಗ್ರಂಥಸಂಪಾದನಾ ಪತ್ರಿಕೆಯ ಪಠ್ಯಕ್ರಮವೇ ಸೂಕ್ತ ಸ್ಥಳ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸಿಕೊಟ್ಟ ಪರಂಪರೆಯ ವಾರಸುದಾರರು ಈ ನಿರ್ಧಾರವನ್ನು ಅನ್ಯರಿಗೆ ಒಪ್ಪಿಸುವುದು ಉಚಿತವಲ್ಲ.